ನಿಂಬೆ ಗಿಡದಲ್ಲಿದ್ದ ಹೆಸರು

ಮೂವತ್ತೆಂಟು ವರ್ಷ ದೊಡ್ಡಾಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು ನಾನು. ಕೊಳಕು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ ಆ ಉರಿ ಆರಲಿಲ್ಲ. ನಂಜಮಣಿ ಸಿಸ್ಟರ್ ಅಂಗಳದಲ್ಲಿ ಎಲೆ ಹಾಕದೆಯೇ ಊಟಕ್ಕೆ ಬಡಿಸಬಹುದು ಎಂದು ಬೀದಿಯವರು ಹೇಳುತ್ತಿದ್ದರು. ಹೊಗಳುತ್ತಿದ್ದರೋ ಆಡಿಕೊಳ್ಳುತ್ತಿದ್ದರೋ ನಾನು ವಿಚಾರಿಸಲು ಹೋಗಲಿಲ್ಲ. ಹೊಗಳಿಕೆ ಎಂದೇ ತೆಗೆದುಕೊಂಡೆ. ಈಗ ಹೇಳಹೊರಟಿರುವುದು ನನ್ನ ಆ ಶುಚಿತ್ವ ನನ್ನ ಮೊಮ್ಮಗಳ ಬೆನ್ನು ಹತ್ತಿದ ಕತೆ. ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ನನಗೂ ಸಲೀಸು.

ನಮ್ಮೂರಲ್ಲಿ ಹೆಸರು ಸುಮ್ಮನೆ ಬರುವುದಿಲ್ಲ. ಮನೆಯ ಅಂಗಳದ ಗಿಡದಲ್ಲಿ ಹುಟ್ಟಿ, ಆ ಮನೆಯಲ್ಲೇ ರೆಕ್ಕೆ ಬಿಚ್ಚಿದ ಚಿಟ್ಟೆಯೊಂದು ತಾನಾಗಿ ಬಂದು ಮಗುವಿನ ಮೈಮೇಲೆ ಕೂರಬೇಕು. ಅದು ಕೂತಿರುವಷ್ಟರಲ್ಲಿ ಮನೆಯವರಲ್ಲಿ ಒಬ್ಬರು ಮಗುವನ್ನು ಹೆಸರು ಹಿಡಿದು ಕರೆಯಬೇಕು. ಆ ಹೆಸರು ನಿಲ್ಲುತ್ತದೆ. ಬೇರೆ ಹೇಗೆ ಇಟ್ಟರೂ ನಿಲ್ಲುವುದಿಲ್ಲ. ತೊಟ್ಟಿಲು ಕಟ್ಟಿ, ಊರಿಗೆಲ್ಲ ಸಿಹಿ ಹಂಚಿ ಇಟ್ಟ ಹೆಸರಾದರೂ ಬೆಳಗಾಗುವಷ್ಟರಲ್ಲಿ ಎಲ್ಲರ ನಾಲಿಗೆಯಿಂದಲೂ ಜಾರಿಹೋಗಿರುತ್ತದೆ. ಬರೆದಿಟ್ಟಿದ್ದರೆ ಕಾಗದದ ಮೇಲೆ ಆ ಜಾಗ ಮಾತ್ರ ಖಾಲಿ ಇರುತ್ತದೆ. ಮಗುವಿಗೆ ಏಳು ತುಂಬಿತೋ, ಆಮೇಲೆ ಊರಿನ ಚಿಟ್ಟೆಗಳೆಲ್ಲ ಸಾಲುಗಟ್ಟಿ ಬಂದು ಕೂತರೂ ಪ್ರಯೋಜನವಿಲ್ಲ.

ಹಾಗಾಗಿ ನಮ್ಮಲ್ಲಿ ಸೊಸೆ ಬಸುರಿ ಎಂದು ತಿಳಿದ ಕೂಡಲೇ ಜನ ಗುದ್ದಲಿ ಹುಡುಕುತ್ತಾರೆ. ಒಬ್ಬರು ಕರಿಬೇವು ನೆಟ್ಟರೆ ಇನ್ನೊಬ್ಬರು ಬೇಲಿಯ ಎಕ್ಕಕ್ಕೆ ನೀರು ಹಾಕಿ ಸಾಕುತ್ತಾರೆ. ಹೆಣ್ಣು ನೋಡಲು ಬಂದ ಬೀಗರು ಉಪ್ಪಿಟ್ಟು ಮುಟ್ಟುವ ಮೊದಲು ಹಿತ್ತಲಿಗೆ ಹೋಗಿ ಎಲೆ ಮಗುಚಿ ನೋಡುತ್ತಾರೆ. ಚಿಟ್ಟೆ ಕೂತ ಗಳಿಗೆಯಲ್ಲಿ ಗಾಬರಿಬಿದ್ದು ಬಾಯಿಗೆ ಬಂದದ್ದನ್ನು ಕೂಗಿದವರೂ ಇದ್ದಾರೆ. ನಮ್ಮ ಅಂಚೆ ಕಚೇರಿಯ ಗುಮಾಸ್ತರ ಹೆಸರು ಹಾಲುಕ್ಕಿತು. ಬಹಳ ಒಳ್ಳೆಯ ಮನುಷ್ಯರು. ಅವರ ಹೆಸರಿಗೆ ಈಗ ಯಾರೂ ನಗುವುದಿಲ್ಲ.

ನಾನು ಈ ಊರಿನವಳಲ್ಲ. ಕೆಲಸ ಸಿಕ್ಕಿ ಬಂದೆ, ಇಲ್ಲಿಯೇ ಮದುವೆಯಾದೆ. ಹೊರಗಿನಿಂದ ಹೆಸರು ತಂದವರ ಹೆಸರಿಗೆ ಏನೂ ಆಗುವುದಿಲ್ಲ. ನನ್ನ ಮಗ ಮಾದೇಶನಿಗೆ ಹೆಸರು ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ. ಹಿತ್ತಲು, ಗಿಡ, ಹುಳ, ಎಲ್ಲವನ್ನೂ ನೋಡಿಕೊಂಡವರು ನನ್ನ ಅತ್ತೆ. ಸಂಜೆ ಮನೆಗೆ ಬಂದಾಗ ಮಗುವಿಗೆ ಹೆಸರಿತ್ತು, ಒಲೆಯ ಮೇಲೆ ಪಾಯಸವಿತ್ತು. ಅದರ ಹಿಂದೆ ಎಷ್ಟು ಪಾಡಿತ್ತು ಎಂದು ನಾನು ಕೇಳಲೂ ಇಲ್ಲ, ಆಕೆ ಹೇಳಲೂ ಇಲ್ಲ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ವಾರ್ಡಿಗೆ ಅಂಥ ಒಬ್ಬ ಮನುಷ್ಯ ಬಂದಿದ್ದ. ಐವತ್ತರ ಆಸುಪಾಸು, ಗಾರೆ ಕೆಲಸದವನು. ಕೇಸ್ ಶೀಟಿನ ತಲೆಯಲ್ಲಿ ಬರೆಯಲು ಏನೂ ಇರಲಿಲ್ಲ. ಹನ್ನೊಂದನೇ ಹಾಸಿಗೆಯವನು ಎನ್ನುತ್ತಿದ್ದೆವು. ಒಂದು ದಿನ ಅವನನ್ನು ಹದಿನಾಲ್ಕಕ್ಕೆ ಬದಲಾಯಿಸಿದರು. ಆವತ್ತು ಅವನ ಮದ್ದು ಹನ್ನೊಂದಕ್ಕೆ ಹೊಸದಾಗಿ ಬಂದವನಿಗೆ ಹೋಯಿತು. ಕೊನೆಯ ದಿನ ಅವನಿಗೆ ಪ್ರಜ್ಞೆ ತಪ್ಪುತ್ತಿದ್ದಾಗ ಕರೆದು ಎಚ್ಚರಿಸೋಣವೆಂದು ಕಿವಿಯ ಹತ್ತಿರ ಬಾಗಿದೆ. ಏನೆಂದು ಕರೆಯಲಿ? ಹಾಗೇ ಬಾಯಿ ತೆರೆದುಕೊಂಡು ನಿಂತಿದ್ದೆ. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಂಥದ್ದರಲ್ಲಿ ನನ್ನ ಮನೆಯ ಮಗುವಿಗೇ ಆರು ತುಂಬಿ ಏಳು ನಡೆಯುತ್ತಿದ್ದರೂ ಹೆಸರಿರಲಿಲ್ಲ. ಪಾಪು ಎನ್ನುತ್ತಿದ್ದೆವು. ಬೀದಿಯಲ್ಲಿ ಪಾಪು ಎಂದು ಕೂಗಿದರೆ ಎಂಟು ಮಕ್ಕಳು ತಿರುಗಿ ನೋಡುತ್ತಿದ್ದವು. ಕಣ್ಣಾಮುಚ್ಚಾಲೆಯಲ್ಲಿ ಅಡಗಿದವರನ್ನು ಹೆಸರು ಹಿಡಿದು ಕೂಗಿದರೆ ಮಾತ್ರ ಔಟು. ಇವಳನ್ನು ಕೂಗುವುದು ಹೇಗೆ? ಇವಳು ಅಡಗಿದಲ್ಲೇ ಕೂತಿರುತ್ತಿದ್ದಳು, ಉಳಿದವರು ಆಟ ಮುಗಿಸಿ ಮನೆಗೆ ಹೋಗಿರುತ್ತಿದ್ದರು. ಶಾಲೆಯ ಹೆಡ್‌ಮಾಸ್ಟರು ಗುರುಮಲ್ಲಪ್ಪನವರು ಪಾಪ, ಪ್ರತಿ ತಿಂಗಳೂ ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಬಿಟ್ಟು ಕಾದರು. "ಸಿಸ್ಟರ್, ಏಳು ತುಂಬೋವರೆಗೆ ಬೆಂಚಲ್ಲಿ ಕೂರಿಸ್ಕೋತೀನಿ. ಆಮೇಲೆ ನನ್ನ ಕೈಲಿಲ್ಲ. ಹಾಜರಿ ಕೂಗ್ಬೇಕಲ್ಲ ನಾನು" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ನನ್ನ ಸೊಸೆ ವನಜಾಕ್ಷಿಯೂ ಹೊರಗಿನವಳು. ಮಾತು ಕಡಿಮೆ. ನನ್ನ ಎದುರಿಗಂತೂ ಇನ್ನೂ ಕಡಿಮೆ. ಅವಳಿಗೊಂದು ಅಭ್ಯಾಸವಿತ್ತು. ಬೆಳಿಗ್ಗೆ ಮಗುವಿನ ತಲೆ ಬಾಚುವಾಗ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮಗು ಆವತ್ತೆಲ್ಲ ಖುಷಿಯಾಗಿ ಓಡಾಡುತ್ತಿತ್ತು. ಬಹಳ ದಿನಗಳ ಮೇಲೆ ನನಗೆ ಅರ್ಥವಾಯಿತು, ಅವಳು ದಿನವೂ ಒಂದೊಂದು ಹೆಸರಿಡುತ್ತಿದ್ದಳು. ಸಂಜೆಯವರೆಗೆ ಆ ಹೆಸರು ತಾಯಿ ಮಗಳ ನಡುವೆ ಇರುತ್ತಿತ್ತು, ರಾತ್ರಿ ಕಳೆದರೆ ಹೋಗುತ್ತಿತ್ತು. ಮರುದಿನ ಇನ್ನೊಂದು. ಹೋಗುವುದು ಗೊತ್ತಿದ್ದೂ ಎರಡು ಸಾವಿರ ಹೆಸರು ಇಟ್ಟಿರಬೇಕು ಅವಳು. ಅವುಗಳಲ್ಲಿ ಒಂದನ್ನಾದರೂ ನಿಮಗೆ ಹೇಳೋಣವೆಂದರೆ ನನಗೆ ಹೇಗೆ ನೆನಪಿರಬೇಕು? ನಾನು ಮಾತ್ರ ಅವಳನ್ನು ಗದರಿಸುತ್ತಿದ್ದೆ. "ಸುಮ್ಮನೆ ಮಗೂಗೆ ಆಸೆ ಹುಟ್ಟಿಸಬೇಡ. ಹೆಸರು ನಾನು ಆರಿಸಿಟ್ಟಿದೀನಿ, ಕಾಲ ಬಂದಾಗ ನಾನೇ ಕರೀತೀನಿ" ಎನ್ನುತ್ತಿದ್ದೆ. ಹೊನ್ನಾಂಬಿಕೆ, ನನ್ನ ತಾಯಿಯ ಹೆಸರು. ಅದನ್ನು ಬಿಟ್ಟು ಬೇರೆ ಹೆಸರು ನನ್ನ ತಲೆಗೇ ಬಂದಿರಲಿಲ್ಲ.

ನಾನೇನು ಕೈ ಕಟ್ಟಿ ಕೂತಿರಲಿಲ್ಲ. ನರ್ಸರಿಯಿಂದ ಬಣ್ಣಬಣ್ಣದ ಹೂಗಿಡ ತರಿಸಿ ಮೂರು ಸಾಲು ಕುಂಡ ಜೋಡಿಸಿದ್ದೆ, ವಾರ್ಡಿನ ಹಾಸಿಗೆಗಳ ಹಾಗೆ ನೇರವಾಗಿ. ಚಿಟ್ಟೆಗಳು ಬರುತ್ತಿದ್ದವು, ಹೂವಿನ ಮೇಲೆ ಕೂತು ಕುಡಿಯುತ್ತಿದ್ದವು, ಹೋಗುತ್ತಿದ್ದವು. ಮೂಲೆಯಲ್ಲಿ ಒಂದೇ ಒಂದು ನಾಟಿ ನಿಂಬೆ ಗಿಡ ಇತ್ತು. ವನಜಾಕ್ಷಿ ಬಸುರಿಯಾಗಿದ್ದಾಗ ತವರಿನಿಂದ ತಂದು ನೆಟ್ಟದ್ದು. ಉಪ್ಪಿನಕಾಯಿಗಾದರೂ ಆಗಲಿ ಎಂದು ನಾನು ಬಿಟ್ಟಿದ್ದೆ. ಆ ಗಿಡದ ಮೇಲೆ ದಿನವೂ ಹಕ್ಕಿ ಹಿಕ್ಕೆ ಹಾಕುತ್ತಿತ್ತು. ಕಪ್ಪು ಕಂದು ಹಿಕ್ಕೆ, ನಡುವೆ ಬಿಳಿ. ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕಾಗಿದ್ದರೂ ಕೊಳಕು ಮಾತ್ರ ನನಗೆ ಕಾಣುತ್ತಿತ್ತು. ಬೆಳಿಗ್ಗೆ ಐದಕ್ಕೆ ಸ್ನಾನ ಮುಗಿಸಿ, ಹಳೆಯ ಬಟ್ಟೆಗೆ ಔಷಧಿ ನೀರು ಹಾಕಿಕೊಂಡು ಒಂದೊಂದು ಎಲೆಯನ್ನೂ ಒರೆಸುತ್ತಿದ್ದೆ. ಹಸಿರು ಹುಳ ಕಂಡೀತೇ ಎಂದೂ ನೋಡುತ್ತಿದ್ದೆ. ಚಿಟ್ಟೆಯ ಹುಳ ಹಸಿರಾಗಿರುತ್ತದೆ ಎಂದು ಅತ್ತೆಯ ಜಾಡಿಯಲ್ಲಿ ನೋಡಿದ ನೆನಪಿತ್ತು. ಏಳು ವರ್ಷದಲ್ಲಿ ಒಂದೂ ಕಾಣಲಿಲ್ಲ. ಗಿಡಕ್ಕೇ ಏನೋ ದೋಷ ಎಂದುಕೊಂಡೆ. ನಡುವೆ ಮಾದೇಶ ಯಾರಿಂದಲೋ ಒಂದು ಗೂಡು ಕೊಂಡು ತಂದ. ಅದರಿಂದ ಬಂದ ಚಿಟ್ಟೆ ಮಗುವಿನ ಹೆಗಲ ಮೇಲೆ ಕೂತೂ ಕೂತಿತು. ನಾನು ಗಂಟಲು ಹರಿಯುವಂತೆ ಹೊನ್ನಾಂಬಿಕೆ ಎಂದು ಕರೆದೆ. ಮರುದಿನ ಬೆಳಿಗ್ಗೆ ಮಗು ಮತ್ತೆ ಪಾಪುವೇ.

ಪಕ್ಕದ ಮನೆಯ ಬೋರಮ್ಮ ಸೊಪ್ಪು ಬೆಳೆದು ಮಾರುವವಳು. ಅವಳ ಹಿತ್ತಲೆಂದರೆ ಕೆಸರು, ಗೊಬ್ಬರ, ಒಡೆದ ಬಕೆಟ್ಟು, ಎದೆಯೆತ್ತರದ ಕಳೆ. ಅವಳ ನಾಲ್ಕು ಮೊಮ್ಮಕ್ಕಳಿಗೂ ಹುಟ್ಟಿದ ಎರಡು ಮೂರು ತಿಂಗಳಿಗೇ ಹೆಸರು ಬಂದಿತ್ತು. ಇದನ್ನು ನನಗೆ ಸಹಿಸಲಾಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಎಷ್ಟೋ ಸಲ ಗೋಡೆಯ ಮೇಲಿಂದ ಇಣುಕಿ, "ಸಿಸ್ಟ್ರಮ್ಮಾ, ನಾ ಒಂದ್ ಗಳಿಗೆ ಬಂದು ನಿಮ್ ಗಿಡ ನೋಡ್ಲಾ?" ಎಂದು ಕೇಳಿದ್ದಳು. ಸೆಗಣಿ ಮೆತ್ತಿದ ಆ ಕೈಗಳನ್ನು ನೋಡಿ, "ಏನೂ ಬೇಡ ಬೋರಮ್ಮ, ನಮಗೆ ಗೊತ್ತಿದೆ" ಎನ್ನುತ್ತಿದ್ದೆ. ಪಾಪು ಅವಳ ಹಿತ್ತಲಿಗೆ ಕಾಲಿಟ್ಟರೆ ವಾಪಸು ಬಂದ ಮೇಲೆ ಮೊಣಕೈವರೆಗೆ ಉಜ್ಜಿ ತೊಳೆಯುತ್ತಿದ್ದೆ.

ಆ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದರು. ಹತ್ತು ದಿನ ಬಗ್ಗಬಾರದು, ನೀರು ತಾಕಿಸಬಾರದು, ಅಂಗಳಕ್ಕೆ ಇಳಿಯಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಗಿಡ ಒರೆಸುವ ಕೆಲಸವನ್ನು ವನಜಾಕ್ಷಿಗೆ ವಹಿಸಿದೆ. ಹತ್ತು ದಿನ ಕಳೆದು, ಕಪ್ಪು ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಹೋಗಿ ನೋಡುತ್ತೇನೆ, ಗಿಡದ ತುಂಬ ಹಿಕ್ಕೆ. ಎಲೆಯ ಅಂಚೆಲ್ಲ ತೂತು.

"ವನಜಾಕ್ಷೀ! ಒಂದು ದಿನವಾದ್ರೂ ಒರೆಸಿದ್ಯಾ?"

"ಇಲ್ಲ ಅತ್ತೆ. ನಿಮ್ಮ ಕಣ್ಣಿಗೆ ಹನಿ ಹಾಕೋದು, ಅಡಿಗೆ, ಮಗು… ಮರೆತೇಹೋಯ್ತು."

ಸಿಟ್ಟಿನಲ್ಲಿ ಬಟ್ಟೆ ತೆಗೆದುಕೊಂಡು ನಾನೇ ಶುರು ಮಾಡಿದೆ. ಒಂದು, ಎರಡು, ಆರು, ಏಳು. ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡಿದೆ. ಕೆಳಗಿನ ಕೊಂಬೆಯಲ್ಲಿ ಒಂದೇ ಒಂದು ಉಳಿದಿತ್ತು. ಬಟ್ಟೆ ಹತ್ತಿರ ಒಯ್ದೆ. ಹಿಕ್ಕೆ ತಲೆಯೆತ್ತಿತು. ತಲೆಯೆತ್ತಿ, ನೆತ್ತಿಯಿಂದ ಕೆಂಪಗಿನ ಎರಡು ಕೋಡು ಹೊರಚಾಚಿ, ಕೊಳೆತ ನಿಂಬೆಯ ವಾಸನೆಯನ್ನು ನನ್ನ ಮುಖಕ್ಕೇ ಬಿಟ್ಟಿತು. ಹೊಸ ಕಣ್ಣು, ಎಲ್ಲ ನಿಚ್ಚಳ. ಅದಕ್ಕೆ ಕಾಲುಗಳಿದ್ದವು. ನಾನು ಕಿರುಚಿಕೊಂಡೆ.

ಗೋಡೆಯ ಮೇಲೆ ಬೋರಮ್ಮನ ತಲೆ ಕಾಣಿಸಿತು. ನನ್ನ ಕೈಯ ಬಟ್ಟೆಯನ್ನು ನೋಡಿದಳು, ಬಕೆಟ್ಟು ನೋಡಿದಳು. ಅವಳ ಮುಖ ಬಿಳುಚಿಕೊಂಡಿತು.

"ಅಯ್ಯೋ ನಮ್ಮವ್ವಾ, ಏನ್ ಮಾಡ್ಬುಟ್ರಿ! ಹಿಕ್ಕೆ ಅಲ್ಲ ಕಣ್ರಮ್ಮ ಅವು. ನಿಂಬೆ ಚಿಟ್ಟೆ ಮರಿಗೋಳು! ಹಕ್ಕಿ ತಿನ್ದೇ ಇರ್ಲಿ ಅಂತ ಎಳೇದ್ರಲ್ಲಿ ಹಂಗೇ ಕಾಣ್ತವೆ. ಹಸ್ರು ಬಣ್ಣ ಬರೋದು ಕೊನೇಗೆ. ದಿನಾನೂ ಹಿಂಗೇ ಒರೆಸ್ತಿದ್ರಾ?"

ಕಲ್ಲಿನ ಮೇಲೆ ಕುಸಿದು ಕೂತೆ. ಏಳು ವರ್ಷ, ದಿನವೂ ಬೆಳಿಗ್ಗೆ, ಮಡಿಯುಟ್ಟುಕೊಂಡು, ನನ್ನ ಕೈಯಾರೆ ನಾನು ಮಗುವಿನ ಹೆಸರನ್ನು ಒರೆಸಿ ಚೆಲ್ಲಿದ್ದೆ. ಬಕೆಟ್ಟಿನ ನೀರಿನಲ್ಲಿ ಏಳು ಮರಿಗಳು ತೇಲುತ್ತಿದ್ದವು. ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಎಷ್ಟು ಸಾವು ಕಂಡರೂ ಅಳದವಳು ಬೀದಿಗೆ ಕೇಳುವಂತೆ ಅತ್ತುಬಿಟ್ಟೆ. ವನಜಾಕ್ಷಿ ಓಡಿಬಂದು, "ಅತ್ತೆ, ಕಣ್ಣು! ಈಗ ತಾನೇ ಆಪರೇಷನ್ ಆಗಿದೆ, ಅಳಬಾರ್ದು" ಎಂದು ತನ್ನ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ಬೋರಮ್ಮ ಏನು ಹೇಳಿದಳೆಂದು ಅವಳಿಗೂ ಕೇಳಿಸಿತ್ತು. ಒಂದು ಮಾತು ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು.

"ಅಳ್ತಾ ಕೂರ್ಬೇಡಿ ಸಿಸ್ಟ್ರಮ್ಮ. ಒಂದ್ ಉಳ್ದದಲ್ಲ" ಎಂದಳು ಬೋರಮ್ಮ. "ಮಗೀಗೆ ಏಳು ತುಂಬೋದ್ ಯಾವಾಗ?"

"ಇನ್ನು ಇಪ್ಪತ್ತೊಂದು ದಿನ."

ಅವಳು ಬೆರಳು ಮಡಿಸಿದಳು. "ಇದು ಇನ್ನೂ ಹತ್ತು ದಿನ ತಿಂತದೆ. ಗೂಡಲ್ಲಿ ಹತ್ತೋ ಹನ್ನೊಂದೋ ದಿನ. ಮೋಡ ಕಟ್ಕಂಡ್ರೆ ಇನ್ನೊಂದೆರಡು. ಸರೀಗೆ ಐತೆ. ತಪ್ಪುದ್ರೆ ತಪ್ತು."

ಜೀವಮಾನದಲ್ಲಿ ಮೊದಲ ಸಲ ನಾನು ಗೇಟು ತೆರೆದು ಬೋರಮ್ಮನನ್ನು ಒಳಗೆ ಕರೆದೆ. ಗಿಡದ ಮೇಲೆ ಬಿಟ್ಟರೆ ಹಕ್ಕಿ, ಹಲ್ಲಿ, ಕಣಜ, ಇರುವೆ, ಎಲ್ಲಕ್ಕೂ ಇದರ ಮೇಲೇ ಕಣ್ಣು, ಒಳಗಿಟ್ಟು ಸಾಕಿ ಎಂದಳು. ಉಪ್ಪಿನಕಾಯಿ ಭರಣಿ ಬೇಡ, ಗಾಜಿನ ಜಾಡಿ, ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು, ಒಳಗೆ ಒಂದು ಒಣಕಡ್ಡಿ, ದಿನವೂ ನಮ್ಮ ಗಿಡದ್ದೇ ಎಳೆ ಎಲೆ. "ಜಾಡಿ ಕ್ಲೀನಾಗಿರ್ಬೇಕು ಕಣ್ರಮ್ಮ. ಅದ್ರ ಹಿಕ್ಕೆ ಅಲ್ಲೇ ಕೊಳೆತ್ರೆ ಹುಳಕ್ಕೆ ಕಾಯ್ಲೆ ಬತ್ತದೆ. ನಾನು ಐವತ್ತು ಸಾಕ್ತೀನಿ, ಮೂವತ್ತು ಸಾಯ್ತವೆ. ನಂಗೆ ಅಷ್ಟೊಂದು ನಿಗಾ ಇಲ್ಲ." ಆ ಮಾತು ಕೇಳಿ ನನಗೆ ಜೀವ ಬಂದಂತಾಯಿತು. ನಿಗಾ ಎಂದರೆ ಏನೆಂದು ನಾನು ತೋರಿಸುತ್ತೇನೆ ಎಂದುಕೊಂಡೆ.

ಮರುದಿನದಿಂದ ನಮ್ಮ ಪಡಸಾಲೆಯೇ ವಾರ್ಡು. ಒಬ್ಬನೇ ರೋಗಿ. ಅವನಿಗೊಂದು ಕೇಸ್ ಶೀಟು ತೆರೆದೆ. ಬೆಳಿಗ್ಗೆ ಆರು: ಎಲೆ ಎರಡು, ಪೂರ್ತಿ ತಿಂದಿದ್ದಾನೆ. ಮಧ್ಯಾಹ್ನ ಹನ್ನೆರಡು: ಪೊರೆ ಕಳಚಿದ್ದಾನೆ, ವಿಶ್ರಾಂತಿ. ಸಂಜೆ ಆರು: ಮಲ ಸರಿಯಾಗಿದೆ, ಗಟ್ಟಿ. ದಿನಕ್ಕೆ ನಾಲ್ಕು ಸಲ ಜಾಡಿ ಸ್ವಚ್ಛ ಮಾಡಿದೆ, ಬರೀ ಒಣಬಟ್ಟೆಯಲ್ಲಿ. ಆರನೆಯ ದಿನ ಅವನು ಹಿಕ್ಕೆಯ ವೇಷ ಕಳಚಿ ಅಚ್ಚ ಹಸಿರಾದ. ಪಾಪು ಚಪ್ಪಾಳೆ ತಟ್ಟಿ ಕುಣಿದಳು. ದಿನವೂ ಎಲೆ ಕಿತ್ತು ತರುವುದು ಅವಳ ಡ್ಯೂಟಿ. "ಅಜ್ಜೀ, ಇವನಿಗೂ ಹೆಸರಿಲ್ಲ ಅಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಮತ್ತೆ ನನಗೆ ಹೆಂಗೆ ತಂದುಕೊಡ್ತಾನೆ?" ಎಂದಳು. ಎಲೆ ತೊಳೆಯುವ ನೆಪ ಮಾಡಿ ನಾನು ಒಳಗೆ ಹೋದೆ.

ಹತ್ತನೆಯ ದಿನ ಅವನು ತಿನ್ನುವುದನ್ನು ನಿಲ್ಲಿಸಿದ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿ ಜಾಡಿಯಲ್ಲೆಲ್ಲ ಅಲೆದಾಡಿದ. ಕಾಯಿಲೆ ಬಿತ್ತೆಂದು ನಾನು ಗೋಡೆಯ ಬಳಿ ಓಡಿದೆ. ಬೋರಮ್ಮ ನಕ್ಕಳು. "ಜಾಗ ಹುಡುಕ್ತಾವನೆ, ಬುಡಿ." ಸಂಜೆಗೆ ಕಡ್ಡಿಗೆ ಬೆನ್ನು ಕೊಟ್ಟು, ಸೊಂಟಕ್ಕೊಂದು ನೂಲಿನ ಪಟ್ಟಿ ಕಟ್ಟಿಕೊಂಡು ಸ್ಥಿರವಾದ. ಮರುದಿನಕ್ಕೆ ಗೂಡು ಕಟ್ಟಿ ಮುಗಿದಿತ್ತು. ಆಮೇಲೆ ಮಾಡಲು ಕೆಲಸವೇ ಇಲ್ಲ. ಕಾಯುವುದೊಂದೇ. ಕೆಲಸವಿಲ್ಲದೆ ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಆ ದಿನಗಳಲ್ಲಿ ನಾನೂ ವನಜಾಕ್ಷಿಯೂ ಜಾಡಿಯ ಆಚೆ ಈಚೆ ಕೂತು ಅವರೆಕಾಯಿ ಬಿಡಿಸುತ್ತ ಮಾತಾಡಿದೆವು. ಎಂಟು ವರ್ಷದಲ್ಲಿ ಆಡದಷ್ಟು ಆಡಿದೆವು. "ದಿನಾ ಹೆಸರಿಡ್ತಿದ್ದೆಯಲ್ಲ, ಬೇಜಾರಾಗ್ತಿರಲಿಲ್ವಾ?" ಎಂದು ಕೇಳಿದೆ.

"ಒಂದು ದಿನಕ್ಕಾದ್ರೂ ಇರಲಿ ಅಂತ ಅತ್ತೆ" ಎಂದಳು. "ಹೆಸರಿಲ್ದೆ ಹೆಂಗೆ ಮುದ್ದು ಮಾಡೋದು?"

ಹದಿನೆಂಟನೆಯ ದಿನ ಮೋಡ ಕವಿಯಿತು. ಸೂರ್ಯನ ಮುಖ ಕಾಣಲಿಲ್ಲ. ಗೂಡು ಹಸಿರಾಗಿಯೇ ಇತ್ತು. ಹತ್ತೊಂಬತ್ತು, ಇಪ್ಪತ್ತು. ನನಗೆ ಅನ್ನ ಸೇರಲಿಲ್ಲ. ಇಪ್ಪತ್ತೊಂದನೆಯ ಬೆಳಿಗ್ಗೆ ನೋಡಿದರೆ ಗೂಡು ಕಪ್ಪಾಗಿ, ಸಿಪ್ಪೆಯ ಒಳಗಿನಿಂದ ಹಳದಿ ಚುಕ್ಕೆಗಳು ಕಾಣುತ್ತಿದ್ದವು. ಪಾಪು ಹುಟ್ಟಿದ್ದು ಸಂಜೆ ಆರು ಹತ್ತಕ್ಕೆ. ಹೆರಿಗೆ ಮಾಡಿಸಿದವಳು ನಾನೇ, ಗಡಿಯಾರ ನೋಡಿ ಬರೆದವಳೂ ನಾನೇ. ನಿಮಿಷವೂ ಆಚೀಚೆ ಇಲ್ಲ. ಹನ್ನೊಂದು ಗಂಟೆಗೆ ಗೂಡು ಬಿರಿಯಿತು. ಮುದುಡಿದ ಒದ್ದೆ ಜೀವವೊಂದು ಹೊರಬಂದು ಕಡ್ಡಿಗೆ ಜೋತುಬಿದ್ದು, ನಿಧಾನವಾಗಿ ರೆಕ್ಕೆಗಳಿಗೆ ಜೀವ ತುಂಬಿಕೊಂಡಿತು. ಎಡಗಡೆಯ ಹಿಂದಿನ ರೆಕ್ಕೆಯ ಅಂಚಿನಲ್ಲಿ ಒಂದು ಸಣ್ಣ ಮಡಿಕೆ ಹಾಗೇ ಉಳಿಯಿತು. ಅದನ್ನೂ ಕೇಸ್ ಶೀಟಿನಲ್ಲಿ ಬರೆದೆ.

ಪಾಪುವಿಗೆ ಎರಡು ಸಲ ಎಣ್ಣೆನೀರು ಹಾಕಿದ್ದೆ. ಹೊಸ ಫ್ರಾಕು, ಗಮಗಮ ಸೋಪು, ಪೌಡರು. ಮದುಮಗಳ ಹಾಗೆ ಮಣೆಯ ಮೇಲೆ ಕೂರಿಸಿ, ಜಾಡಿಯ ಬಟ್ಟೆ ತೆಗೆದು ಅಂಗಳದಲ್ಲಿಟ್ಟೆವು. ಕೈಯಲ್ಲಿ ಹಿಡಿದು ಕೂರಿಸುವಂತಿಲ್ಲ, ತಾನಾಗಿ ಕೂರಬೇಕು. ಬಿಸಿಲಿಲ್ಲದೆ ಅದು ಅಲುಗಾಡಲಿಲ್ಲ. ಒಂದು ಗಂಟೆ, ಮೂರು ಗಂಟೆ. ಗಿರಣಿಗೆ ರಜೆ ಹಾಕಿ ಬಂದಿದ್ದ ಮಾದೇಶ ಆಕಾಶಕ್ಕೆ ಬೈಯುತ್ತ ಅತ್ತಿಂದಿತ್ತ ತಿರುಗುತ್ತಿದ್ದ. ನಾಲ್ಕೂವರೆಗೆ ಮೋಡ ಒಡೆದು ಬಿಸಿಲು ಬಿತ್ತು. ಚಿಟ್ಟೆ ರೆಕ್ಕೆ ಬಡಿಯಿತು, ಎದ್ದಿತು, ಪಾಪುವಿನ ತಲೆಯ ಮೇಲೆ ಒಂದು ಸುತ್ತು ಸುತ್ತಿತು. ಅದು ಗೋಡೆ ದಾಟಿ ಬೋರಮ್ಮನ ಹಿತ್ತಲಿಗೆ ಹೋಯಿತು.

ನಾನು ಯೋಚಿಸಲಿಲ್ಲ. ಪಾಪುವಿನ ಕೈ ಹಿಡಿದುಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಗೇಟು ದಾಟಿ ಬೋರಮ್ಮನ ಕೆಸರಿಗೆ ಇಳಿದೆ. ಅಲ್ಲಿ ನೋಡಿದರೆ ಹದಿನೈದು ಇಪ್ಪತ್ತು ಚಿಟ್ಟೆ, ಎಲ್ಲ ಒಂದೇ ಜಾತಿ. "ಅಯ್ಯೋ, ಎಲ್ಲಾ ಬೆರ್ತೋದ್ವಲ್ಲಮ್ಮಾ!" ಎಂದು ಬೋರಮ್ಮ ತಲೆಯ ಮೇಲೆ ಕೈ ಹೊತ್ತಳು. ಬೆರೆಯಲಿ. ನನ್ನ ರೋಗಿಯನ್ನು ಸಾವಿರದಲ್ಲಿಟ್ಟರೂ ನಾನು ಗುರುತು ಹಿಡಿಯುತ್ತೇನೆ. ಸೊಪ್ಪಿನ ಮಡಿಯ ಅಂಚಿನಲ್ಲಿ, ಒದ್ದೆ ಮಣ್ಣಿನ ಮೇಲೆ, ಎಡಗಡೆ ಮಡಿಕೆ. "ಅಗೋ ಅವನೇ!" ಎಂದೆ. ಪಾಪು ಅತ್ತ ಓಡಿದಳು. ಓಡಿದವಳು ಜಾರಿ, ಹೊಸ ಫ್ರಾಕಿನ ಸಮೇತ ಕೆಸರಿನಲ್ಲಿ ಮುಗ್ಗರಿಸಿಬಿದ್ದಳು. ಚಿಟ್ಟೆಗಳೆಲ್ಲ ಎದ್ದು ಹಾರಿದವು.

ಎದ್ದು ನಿಂತಾಗ ಅವಳ ಎರಡು ಕೈಗಳೂ ಮೊಣಕೈವರೆಗೆ ಮಣ್ಣು. ಮುಖದಲ್ಲಿ ಬೆವರು, ಕಣ್ಣಲ್ಲಿ ನೀರು. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಒರೆಸಲು. ಹೋಗಿ ಅಲ್ಲಿಯೇ ನಿಂತಿತು. ಬೋರಮ್ಮ "ಒರೆಸ್ಬೇಡಿ ಸಿಸ್ಟ್ರಮ್ಮ. ಗಂಡು ಚಿಟ್ಟೆ ಉಪ್ಪು ಹುಡಿಕ್ಕಂಡ್ ಬತ್ತದೆ, ಮಣ್ಣು ಬೆವ್ರು ಅಂದ್ರೆ ಅದ್ಕೆ ಪ್ರಾಣ" ಎಂದು ಪಿಸುಗುಟ್ಟಿದಳು. ನಾನು ಸೆರಗು ಬಿಟ್ಟೆ. "ಪಾಪು, ಕೈ ಮುಂದೆ ಚಾಚು. ಕೈ ಒರೆಸ್ಕೋಬೇಡ, ತೊಳೀಬೇಡ, ಹಾಗೇ ಚಾಚು" ಎಂದೆ. ಈ ಮಾತು ನನ್ನ ಬಾಯಿಂದ ಬಂತೆಂದರೆ ನಮ್ಮ ಬೀದಿಯವರು ಇವತ್ತಿಗೂ ನಂಬುವುದಿಲ್ಲ.

ಚಿಟ್ಟೆಗಳು ಒಂದೊಂದಾಗಿ ಮತ್ತೆ ಇಳಿದವು. ಮಡಿಕೆಯದ್ದು ಕೊನೆಯದು. ಮಣ್ಣಿಗೆ ಇಳಿಯುವುದೋ ಬೇಡವೋ ಎಂದು ಒಂದು ಕ್ಷಣ ತೇಲಾಡಿ, ಪಾಪುವಿನ ಬಲಗೈ ಮುಂಗೈಯ ಮೇಲೆ ಇಳಿಯಿತು. ರೆಕ್ಕೆ ಅಗಲಿಸಿ ಕೂತಿತು. ಸೊಂಡಿಲು ಬಿಚ್ಚಿ ಬೆವರು ಹೀರತೊಡಗಿತು.

ಹೊನ್ನಾಂಬಿಕೆ ಎಂಬ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಏಳು ವರ್ಷದಿಂದ ಅಲ್ಲಿಯೇ ಇತ್ತು. ತಲೆಯೆತ್ತಿದರೆ ಗೋಡೆಯ ಆಚೆ ವನಜಾಕ್ಷಿ ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಆವತ್ತು ಬೆಳಿಗ್ಗೆಯೂ ತಲೆ ಬಾಚುವಾಗ ಮಗುವಿನ ಕಿವಿಯಲ್ಲಿ ಏನೋ ಹೇಳಿದ್ದಳು. ಆ ದಿನದ ಹೆಸರು. ನಾನು ಕರೆದುಬಿಟ್ಟಿದ್ದರೆ ಅವಳು ಎಂದಿನಂತೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದಳು. ಎರಡು ಸಾವಿರ ಸಲ ಮಗಳಿಗೆ ಹೆಸರಿಟ್ಟವಳ ಎದುರಿಗೆ ಒಂದೇ ಒಂದು ಹೆಸರು ಹಿಡಿದುಕೊಂಡು ನಿಂತ ನಾನು ಯಾವ ದೊಡ್ಡವಳು?

"ನೀನು ಕರೀ ವನಜಾಕ್ಷಿ" ಎಂದೆ. "ನೀನೇ ಕರೀ. ಬೇಗ!"

ಅವಳು ನನ್ನನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು. ಆ ಮೆತ್ತಗಿನ ಹುಡುಗಿಯ ಎದೆಯಲ್ಲಿ ಅಷ್ಟು ದನಿ ಎಲ್ಲಿ ಅಡಗಿತ್ತೋ, ಬೀದಿಯ ಆ ತುದಿಯ ನಾಯಿಯೂ ಬೆಚ್ಚಿ ಬೊಗಳುವಷ್ಟು ಜೋರಾಗಿ ಕೂಗಿದಳು:

"ಮೊಲ್ಲೇ!"

"ಹಾಂ!" ಎಂದಿತು ಮಗು. ಚಿಟ್ಟೆ ಇನ್ನೂ ಕೂತೇ ಇತ್ತು. ಅದಕ್ಕೇನು ಅವಸರ? ಹೊಟ್ಟೆ ತುಂಬ ಕುಡಿದು, ರೆಕ್ಕೆ ಮಡಿಸಿ ಬಿಚ್ಚಿ, ತನಗೆ ಬೇಕಾದಾಗ ಎದ್ದು ಹೋಯಿತು. ಗಡಿಯಾರ ನೋಡಿದೆ, ಐದು ಗಂಟೆ ಇಪ್ಪತ್ತು ನಿಮಿಷ. ಮಾದೇಶ ಗೋಡೆ ಹಾರಿ ಬಂದು ಮಗಳನ್ನು ಎತ್ತಿಕೊಂಡ, ಬೋರಮ್ಮ ನನ್ನನ್ನು ತಬ್ಬಿಕೊಂಡಳು. ಅವಳ ಕೈಯ ಸೆಗಣಿ ನನ್ನ ಬಿಳಿ ಸೀರೆಗೆಲ್ಲ ಮೆತ್ತಿತು. ಮೆತ್ತಲಿ ಎಂದು ನಾನೂ ಗಟ್ಟಿಯಾಗಿ ತಬ್ಬಿಕೊಂಡೆ. ಹೊನ್ನಾಂಬಿಕೆಯನ್ನು ಬಿಟ್ಟುಕೊಟ್ಟದ್ದಕ್ಕೆ ಬೇಸರವಾಯಿತೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನ್ನ ತಾಯಿಯ ನೆನಪೇ ಬರಲಿಲ್ಲ.

ಆದರೂ ಬೆಳಗಾಗುವವರೆಗೆ ಯಾವುದೂ ಖಾತ್ರಿಯಿಲ್ಲ. ಹುಟ್ಟಿದ್ದು ನಮ್ಮ ಗಿಡದಲ್ಲಿ, ರೆಕ್ಕೆ ಬಿಚ್ಚಿದ್ದು ನಮ್ಮ ಪಡಸಾಲೆಯಲ್ಲಿ, ಕೂತದ್ದು ಮಾತ್ರ ಪಕ್ಕದ ಹಿತ್ತಲಲ್ಲಿ. ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಹೇಳಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ಬೆಳಕು ಹರಿಯುವಾಗ ಎಚ್ಚರವಾಯಿತು. ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಹೆಸರನ್ನು ನೆನಪು ಮಾಡಿಕೊಳ್ಳಲು ಧೈರ್ಯವೇ ಬರಲಿಲ್ಲ. ನೆನಪು ಮಾಡಲು ಹೋಗಿ ಅಲ್ಲಿ ಏನೂ ಇಲ್ಲದಿದ್ದರೆ? ಎದ್ದು ಅಡಿಗೆಮನೆಗೆ ಹೋದೆ. ವನಜಾಕ್ಷಿ ಒಲೆಯ ಮುಂದೆ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ. ಇಬ್ಬರೂ ಬಾಗಿಲಿಗೆ ಬಂದು ಅಂಗಳ ನೋಡುತ್ತ ನಿಂತೆವು. ಮಗು ಆಗಲೇ ಎದ್ದು, ಬರಿಗಾಲಲ್ಲಿ ನಿಂಬೆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಮಗುಚಿ ನೋಡುತ್ತಿತ್ತು.

ಗೋಡೆಯ ಆಚೆಯಿಂದ ಬೋರಮ್ಮನ ದನಿ ಬಂತು, ದಿನನಿತ್ಯದ ಮಾತಿನ ಹಾಗೆ. "ಏ ಮೊಲ್ಲೆ, ಎದ್ಯಾ? ಎಷ್ಟು ಮೊಟ್ಟೆ ಅವೆ ನೋಡವ್ವ."

"ಮೂರು!" ಎಂದಿತು ಮಗು, ತಲೆಯೆತ್ತದೆ.

ವನಜಾಕ್ಷಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತೇಬಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನನ್ನ ಹೊಸ ಕಣ್ಣಿಗೂ ಸರಿಯಾಗಿ ಕಾಣಲಿಲ್ಲ. ನಾನು ಅಂಗಳಕ್ಕೆ ಇಳಿದು, ಮೂವತ್ತೆಂಟು ವರ್ಷ ವಾರ್ಡು ನಡುಗಿಸಿದ ದನಿಯನ್ನೆಲ್ಲ ಒಟ್ಟುಮಾಡಿ, ಪೇಟೆಯ ತುದಿಗೆ ಕೇಳಲಿ ಎಂದು ಕೂಗಿದೆ, "ಮೊಲ್ಲೇ!"

ಅವಳು ತಿರುಗಿದಳು. "ಇಲ್ಲೇ ಇದೀನಲ್ಲ ಅಜ್ಜಿ, ಯಾಕೆ ಹಂಗೆ ಕಿರುಚ್ತೀಯ?"

ಮತ್ತೊಂದು ಸಲ ಕೂಗಿದೆ.